ಅರವತ್ಮೂರನೆಯ ಪುಟ

ಜುಲೈ ೩

ಇವತ್ತಿನ ‘ಬಯಲುದನಿ’ಯಲ್ಲಿ ನನ್ನ ಲೇಖನ ಬಂದಿದೆ. ಅರ್ಧ ಪುಟ. ಫೋಟೊ ಬಂದಿದೆ, ಶೀರ್ಷಿಕೆ ಬಂದಿದೆ, ಕೆಳಗೆ ಸಿಮೆಂಟ್ ಅಂಗಡಿಯ ಜಾಹೀರಾತೂ ಬಂದಿದೆ. ನನ್ನ ಹೆಸರು ಮಾತ್ರ ಬಂದಿಲ್ಲ.

ಜೀನ್ಸ್ ಹೊಲಿಯುವವರ ಬಗ್ಗೆ ಬರೆಯಲು ಹನ್ನೊಂದು ದಿನ ಬಳ್ಳಾರಿಯ ಗಲ್ಲಿ ಗಲ್ಲಿ ಅಲೆದಿದ್ದೆ. ಹೆಸರಿನ ಜಾಗದಲ್ಲಿ ‘ನಮ್ಮ ಪ್ರತಿನಿಧಿಯಿಂದ’ ಎಂದಿದೆ. ಯಾವ ಪ್ರತಿನಿಧಿ? ಆ ಮಹಾನುಭಾವ ಒಂದು ದಿನವಾದರೂ ಆ ಗಲ್ಲಿಗೆ ಕಾಲಿಟ್ಟಿದ್ದನೇ?

ಫೋನ್ ಮಾಡಿ ಕೇಳಿದೆ. “ಜಾಗ ಇರಲಿಲ್ಲ ಮೇಡಂ. ಹೆಸರು ಇದ್ದರೇನು, ಬಿಟ್ಟರೇನು? ವಿಷಯ ಜನಕ್ಕೆ ಮುಟ್ಟಿತಲ್ಲ, ಅದು ಮುಖ್ಯ” ಎಂದ ಉಪಸಂಪಾದಕ. ವರದಾ. ಮೂರು ಅಕ್ಷರ. ಸಿಮೆಂಟಿಗೆ ಜಾಗವಿದೆ, ಮೂರು ಅಕ್ಷರಕ್ಕೆ ಇಲ್ಲ.

ಹೋದ ವರ್ಷ ಇನ್ನೊಂದು ಪತ್ರಿಕೆಯವರು ‘ಶ್ರೀಮತಿ ಪವಮಾನ’ ಎಂದು ನನ್ನ ಗಂಡನ ಹೆಸರು ಹಾಕಿದ್ದರು. ಇವರು ಆಫೀಸಿಗೆ ಆ ಪೇಪರ್ ಒಯ್ದು ಎಲ್ಲರಿಗೂ ತೋರಿಸಿ ಬಂದರು. “ನಾನೇ ಬರದ್ಹಂಗ ಆತು ನೋಡು” ಎಂದು ನಗು ಬೇರೆ. ಎರಡು ದಿನ ನಾನು ಮಾತಾಡಲಿಲ್ಲ. ಮೂರನೆಯ ದಿನ ಇವರಿಗೆ ಅದು ಗೊತ್ತಾಯಿತು.

ಜುಲೈ ೫

ಉಜ್ಜಿನಪ್ಪನ ಡಿಟಿಪಿ ಅಂಗಡಿಗೆ ಹೋಗಿ ವಿಸಿಟಿಂಗ್ ಕಾರ್ಡ್ ಮಾಡಿಸಿದೆ. ‘ವರದಾ, ಹವ್ಯಾಸಿ ಬರಹಗಾರ್ತಿ’ ಎಂದು ಟೈಪ್ ಮಾಡಿ ತೋರಿಸಿದ. ಹವ್ಯಾಸವಂತೆ! ಇದ್ದ ಶಾಲೆ ಮುಚ್ಚಿ, ಟೀಚರ್ ಕೆಲಸ ಹೋಗಿ, ಐದು ವರ್ಷದಿಂದ ಹಗಲೆಲ್ಲ ಬರೆಯುತ್ತಿದ್ದೇನೆ. ಅದೇನು ಅಂಚೆಚೀಟಿ ಸಂಗ್ರಹವೇ? ಅಳಿಸಿ ‘ಸ್ವತಂತ್ರ ಬರಹಗಾರ್ತಿ’ ಎಂದು ಮಾಡಿಸಿದೆ.

ಈ ಉಜ್ಜಿನಪ್ಪನೂ ಏನು ಕಮ್ಮಿಯಲ್ಲ. ನಿವೃತ್ತರಾದವರಿಗೆ, ವರ್ಗವಾದವರಿಗೆ ಓದಿ ಒಪ್ಪಿಸುವ ಬಿನ್ನವತ್ತಳೆಗಳನ್ನು ನಾನು ಅವನಿಗೆ ಎಷ್ಟು ಬರೆದುಕೊಟ್ಟಿದ್ದೇನೋ ಲೆಕ್ಕವಿಲ್ಲ. ಜಿಲ್ಲೆಯಲ್ಲಿ ಅರ್ಧದಷ್ಟು ಡ್ರಾಯಿಂಗ್ ರೂಮಿನ ಗೋಡೆಗಳ ಮೇಲೆ ನನ್ನ ವಾಕ್ಯಗಳು ಕಟ್ಟು ಹಾಕಿಸಿಕೊಂಡು ನೇತಾಡುತ್ತಿವೆ. ಕೆಳಗೆ ‘ಇಂತಿ ಅಭಿಮಾನಿ ಬಳಗ’ ಎಂದಿರುತ್ತದೆ. ಅದಕ್ಕೂ ಕೆಳಗೆ ಸಣ್ಣದಾಗಿ ಉಜ್ಜಿನಪ್ಪನ ಅಂಗಡಿಯ ಹೆಸರು, ಮೊಬೈಲ್ ನಂಬರು.

ಹೊರಡುವಾಗ ಕರೆದ. “ಮೇಡಂ, ಸಿರುಗುಪ್ಪದೋರು ಒಂದು ಪುಸ್ತಕ ಮಾಡಸ್ತಾರಂತ. ಹಳೇ ಮೇಷ್ಟ್ರ ಜೀವನ. ಬರೆಯೋರು ಬೇಕಾಗ್ಯಾರ. ನಿಮ್ಮ ಹೆಸರು ಹೇಳ್ಲೇನು?”

“ಹೇಳೋದಲ್ಲ, ಹಾಕಿಸ್ತಾರೇನು ಕೇಳ್ರಿ” ಎಂದೆ.

ಜುಲೈ ೮

ಸಿರುಗುಪ್ಪ. ಅಕ್ಕಿ ಗಿರಣಿಯ ವಿಜಯಕುಮಾರ ಅಭಿನಂದನಾ ಸಮಿತಿಯ ಅಧ್ಯಕ್ಷ. ಕರೂರಿನ ಶಾಲೆಯಲ್ಲಿ ಚಿದಾನಂದಪ್ಪ ಮೇಷ್ಟ್ರ ಕೈಯಲ್ಲಿ ಕಲಿತವನು. ಮೇಷ್ಟ್ರು ಅಲ್ಲಿ ಹದಿನಾರು ವರ್ಷ ಇದ್ದು, ನಿವೃತ್ತರಾಗಿ ಈಗ ಕುರುಗೋಡಿನಲ್ಲಿದ್ದಾರೆ. ಶಿಕ್ಷಕರ ದಿನಾಚರಣೆಗೆ ಪುಸ್ತಕ ಕೈಯಲ್ಲಿರಬೇಕು.

ನನ್ನದು ಒಂದೇ ಷರತ್ತು ಎಂದೆ. ಮುಖಪುಟದ ಮೇಲೆ ನನ್ನ ಹೆಸರು.

“ಆಗ್ಲಿ ಬಿಡ್ರಿ ಮೇಡಂ, ನೋಡೋಣಂತ” ಎಂದು ಚಹಾ ತರಿಸಿದ. ಗಿರಣಿಯ ಸದ್ದಿಗೆ ಅರ್ಧ ಮಾತು ಕೇಳಿಸಲಿಲ್ಲ. ಆದರೆ ‘ಆಗ್ಲಿ’ ಎಂದದ್ದು ಕೇಳಿಸಿದೆ. ನನ್ನ ಹೆಸರಿನ ಪುಸ್ತಕ! ಪೇಪರಿನವರು ಆಮೇಲೆ ನೋಡಲಿ.

ಜುಲೈ ೧೪

ಕುರುಗೋಡಿಗೆ ಹೋಗಿ ಬಂದೆ. ಚಿದಾನಂದಪ್ಪ ಮೇಷ್ಟ್ರಿಗೆ ಎಪ್ಪತ್ತೆಂಟು. ಕಣ್ಣಿನ ಆಪರೇಷನ್ ಆದ ಮೇಲೆ ಅಕ್ಷರ ಕಾಣುವುದಿಲ್ಲವಂತೆ. ದನಿ ಮಾತ್ರ ಈಗಲೂ ಹಿಂದಿನ ಬೆಂಚಿಗೆ ಕೇಳಿಸುವಂತಿದೆ.

ಅವರು ಕರೂರಿಗೆ ಬಂದಾಗ ಶಾಲೆಯಲ್ಲಿ ನಾಲ್ಕು ಹೆಣ್ಣುಮಕ್ಕಳು, ಬಿಟ್ಟು ಹೋಗುವಾಗ ಎಪ್ಪತ್ತು. ಇಡೀ ಪುಸ್ತಕಕ್ಕೆ ಅದೇ ಬೆನ್ನೆಲುಬು. ಹೇಗೆ ಮಾಡಿದಿರಿ ಎಂದು ಕೇಳಿದೆ.

“ನಾನೆಲ್ಲಿ ಮಾಡ್ದೆ ತಾಯಿ? ನಾನು ಮನಿಮನಿಗೆ ಹೋಗಿ ಭಾಷಣ ಮಾಡ್ದೆ. ಭಾಷಣ ಕೇಳಿ ಯಾರು ಮಗಳನ್ನ ಕಳಸ್ತಾರ? ಮಾರೆಮ್ಮ ಅಂತ ಇದ್ಲು, ಸಾಲ್ಯಾಗ ಗಂಟಿ ಹೊಡೆಯಾಕಿ, ನೀರು ತುಂಬಾಕಿ. ಆಕಿ ಮಾಡಿದ್ಲು. ಕರೂರಿಗೆ ಹೋಗಿ ಆಕಿನ್ನ ಕೇಳ್ರಿ. ಆಕಿ ಹೆಸರು ಪುಸ್ತಕದಾಗ ಬರಬೇಕು. ನೆಪ್ಪಿರ್ಲಿ.”

ಒಳ್ಳೆಯ ಮನುಷ್ಯ. ನನ್ನ ಹೆಸರನ್ನೂ ಎರಡು ಸಲ ಕೇಳಿ ತಿಳಿದುಕೊಂಡರು.

ಜುಲೈ ೨೧

ಇವತ್ತು ಕರೂರು. ಬಸ್ಸು ಇಳಿದರೆ ಎರಡೂ ಕಡೆ ನಾಟಿ ಗದ್ದೆ, ಬಗ್ಗಿದ ಬೆನ್ನುಗಳು. ಮಾರೆಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಳು. ಎಪ್ಪತ್ತರ ಮೇಲಾಗಿದೆ, ಸೊಂಟ ನೆಟ್ಟಗಾಗುವುದಿಲ್ಲ. ಸೊಸೆ ರೇಣುಕಾ ಅಂಗನವಾಡಿ ಟೀಚರು. ನನಗೆ ಕುರ್ಚಿ ತಂದು ಹಾಕಿದಳು.

ಮಾರೆಮ್ಮ ಹೇಳಿದ್ದನ್ನು ಹಾಗೆಯೇ ಬರೆದಿಡುತ್ತೇನೆ, ಮರೆತು ಹೋಗಬಾರದು.

“ನಾಟಿ ಬಂತಂದ್ರ ಹುಡಿಗ್ಯಾರು ಸಾಲಿಗೆ ಬರ್ತಿದ್ದಿಲ್ರಿ ಅಮ್ಮಾ. ಗುಂಪಿನ್ಯಾಗ ಒಬ್ಬೊಬ್ರಿಗೆ ಒಂದೊಂದು ಪಾಲು ಇರತೈತಿ. ಹುಡುಗಿ ಬಿಟ್ಟು ಹೋದ್ರ ಆಕಿ ಪಾಲು ಯಾರು ಹಚ್ಚಬೇಕು? ಗುಂಪಿನಾಕಿ ಸುಮ್ನ ಬಿಡ್ತಾಳೇನು? ಮೇಷ್ಟ್ರು ಬರೋರು, ಓದು ಬರಹ ಅಂತ ಅನ್ನೋರು, ಎಲ್ರೂ ಹೂಂ ಅಂದು ಮತ್ತ ಬಗ್ಗೋರು. ನಾನಂದೆ, ಬಾಯಿಮಾತು ಬ್ಯಾಡ, ಆ ಹುಡಿಗಿ ಪಾಲು ನಾನು ಹಚ್ಚತೀನಿ, ನೀವು ಆಕಿನ್ನ ಬಿಡ್ರಿ. ನಸುಕಿನ್ಯಾಗ ಇಳಿಯೋದು, ಆಕಿ ಪಾಲು ಮುಗಿಸೋದು, ಕಾಲು ತೊಳಕೊಂಡು ಹೋಗಿ ಗಂಟಿ ಹೊಡೆಯೋದು. ಇವತ್ತು ಒಬ್ಬಾಕಿದು, ನಾಳಿ ಇನ್ನೊಬ್ಬಾಕಿದು.”

“ಎಷ್ಟು ವರ್ಷ?” ಎಂದೆ.

“ಸೊಂಟ ಹೋಗೋ ತನಕ” ಎಂದು ನಕ್ಕಳು.

ರೇಣುಕಾ ಬಾಗಿಲ ಹತ್ತಿರ ನಿಂತಿದ್ದಳು. “ನನ್ನ ಪಾಲೂ ಹಚ್ಯಾರ್ರಿ ಮೇಡಂ. ನಾನು ಏಳನೇತ್ತ ಪಾಸಾಗೋ ತನಕ” ಎಂದಳು.

ಬಸ್ಸಿನಲ್ಲಿ ಮೈ ಜುಮ್ಮೆನ್ನುತ್ತಿತ್ತು. ಇಂಥ ಪ್ರಸಂಗ ಒಬ್ಬ ಬರಹಗಾರ್ತಿಗೆ ಎಷ್ಟು ವರ್ಷಕ್ಕೊಮ್ಮೆ ಸಿಕ್ಕೀತು! ಇದು ಅಚ್ಚಾದರೆ ಜನ ಕೇಳಲೇಬೇಕು, ಬರೆದವರು ಯಾರು ಎಂದು.

ಆಗಸ್ಟ್ ೬

ಪುಸ್ತಕದ ಕರಡು ತಿದ್ದಲು ಉಜ್ಜಿನಪ್ಪನಲ್ಲಿಗೆ ಹೋದೆ. ಮುಖಪುಟ ಆಗಲೇ ತಯಾರಾಗಿತ್ತು. ‘ಪ್ರಧಾನ ಸಂಪಾದಕರು: ವಿಜಯಕುಮಾರ’. ಅಂಗೈ ಅಗಲದ ಅಕ್ಷರ.

ನನ್ನ ಹೆಸರು ಹುಡುಕಿದೆ. ಕೊನೆಯ ಪುಟದ ಕೃತಜ್ಞತೆಯಲ್ಲಿ ಸಿಕ್ಕಿತು. ಶಾಮಿಯಾನದವರು, ಅಡುಗೆಯವರು, ಫೋಟೊಗ್ರಾಫರು, ಆಮೇಲೆ ‘ಬರವಣಿಗೆಯಲ್ಲಿ ಸಹಕರಿಸಿದ ಶ್ರೀಮತಿ ವರದಾ’. ಸಹಕರಿಸಿದವಳಂತೆ! ನೂರ ಎಂಬತ್ತು ಪುಟದಲ್ಲಿ ಆ ಮನುಷ್ಯ ಒಂದು ಅಲ್ಪವಿರಾಮವನ್ನೂ ಬರೆದಿಲ್ಲ. ಅವನ ಸಂಪಾದಕೀಯವನ್ನೂ ನಾನೇ ಬರೆದದ್ದು!

“ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ ಮೇಡಂ, ಅವರು ಹೇಳಿದ್ದು ನಾನು ಹೊಡೀತೀನಿ” ಎಂದ ಉಜ್ಜಿನಪ್ಪ. ಕರಡನ್ನು ಅವನ ಮೇಜಿನ ಮೇಲೆ ಬಿಸಾಕಿ ಬಂದೆ. ಅವನ ಚಹಾ ಚೆಲ್ಲಿತು. ಚೆಲ್ಲಲಿ.

ಆಗಸ್ಟ್ ೭

ಕುದಿಯುತ್ತಿದ್ದೇನೆ. ಹುಳಿಗೆ ಎರಡು ಸಲ ಉಪ್ಪು ಹಾಕಿದೆ. ಇವರು ಸುಮ್ಮನೆ ಊಟ ಮಾಡಿ ಎದ್ದರು.

ಆಗಸ್ಟ್ ೯

ವಿಜಯಕುಮಾರನಿಗೆ ಫೋನ್. ನನ್ನ ಹೆಸರು ಮುಖಪುಟದ ಮೇಲೆ ಬರದಿದ್ದರೆ ಇಡೀ ಬರಹವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದೆ. ಜೋರಾಗಿಯೇ ಹೇಳಿದೆ.

ಅವನೂ ಜೋರಾದ. “ನೋಡ್ರಿ ಮೇಡಂ, ನಿಮಗ ನಿಮ್ಮ ಹೆಸರಿಂದು ಚಿಂತಿ, ನನಗ ಮೇಷ್ಟ್ರ ಹೆಸರಿಂದು. ಅರವತ್ಮೂರನೇ ಪುಟ ಓದೀನಿ ನಾನು. ಏನದು? ಸಾಲಿ ಉದ್ಧಾರ ಮಾಡಿದ್ದು ಮೇಷ್ಟ್ರೋ, ಗಂಟಿ ಹೊಡೆಯಾಕಿಯೋ? ಮಾರೆಮ್ಮ ಮಾರೆಮ್ಮ ಅಂತ ಪುಟದ ತುಂಬ ಬರದೀರಿ. ನಾಳಿ ಸ್ಟೇಜ್ ಮ್ಯಾಲ ಸನ್ಮಾನ ಯಾರಿಗೆ ಮಾಡ್ಲಿ ನಾನು? ಅದನ್ನ ಸರಿ ಮಾಡ್ರಿ. ನಿಮ್ಮ ಹೆಸರು ನಾನು ಸರಿ ಮಾಡ್ತೀನಿ.”

ಮುಖಪುಟದ ಮೇಲೆ ‘ಲೇಖಕಿ: ವರದಾ’ ಎಂದೇ ಬರಬೇಕು ಎಂದೆ. ಬರುತ್ತದೆ ಎಂದ. ಅಕ್ಷರದ ಅಳತೆಯನ್ನೂ ಕೇಳಿಕೊಂಡೆ.

ಐದು ವರ್ಷದಲ್ಲಿ ಮೊದಲ ಸಲ ಗೆದ್ದಿದ್ದೇನೆ. ಜಗಳವಾಡದೆ ಈ ಊರಿನಲ್ಲಿ ಏನೂ ಸಿಗುವುದಿಲ್ಲ.

ಆಗಸ್ಟ್ ೧೦

ತಿದ್ದಿದೆ. ಹತ್ತು ನಿಮಿಷದ ಕೆಲಸ. ‘ಮೇಷ್ಟ್ರು ಶಾಲೆಯ ಸಹಾಯಕಿಯೊಬ್ಬರ ನೆರವಿನಿಂದ ನಾಟಿಯ ದಿನಗಳಲ್ಲೂ ಹೆಣ್ಣುಮಕ್ಕಳು ತರಗತಿಗೆ ಬರುವಂತೆ ನೋಡಿಕೊಂಡರು’. ವಾಕ್ಯ ಚೆನ್ನಾಗಿಯೇ ಕೂತಿದೆ. ಪ್ರಸಂಗ ಉಳಿದಿದೆ, ಅದು ಮುಖ್ಯ. ಓದುವವರಿಗೆ ಹೆಸರು ಯಾವುದಾದರೇನು.

ಮಧ್ಯಾಹ್ನ ‘ಬಯಲುದನಿ’ಗೆ ಒಂದು ಪತ್ರ ಬರೆದೆ. ಬರಹಗಾರರ ಹೆಸರು ಬಿಡುವುದು ಕಳ್ಳತನ ಎಂದೇ ಬರೆದಿದ್ದೇನೆ. ಯಾವ ಮುಲಾಜೂ ಇಲ್ಲ.

ಆಗಸ್ಟ್ ೨೪

ಮುಖಪುಟ ಅಚ್ಚಾಯಿತು! ‘ಲೇಖಕಿ: ವರದಾ’. ವಿಜಯಕುಮಾರನ ಹೆಸರು ಮೇಲೆಯೇ ಇದೆ, ಇರಲಿ. ನನ್ನದು ಬಿಳಿ ಅಕ್ಷರದಲ್ಲಿ, ದೂರದಿಂದಲೂ ಕಾಣಿಸುತ್ತದೆ. ನಮ್ಮ ಬಡಾವಣೆ ಗಾಂಧಿನಗರದ ಬೇಕರಿಯಿಂದ ಮೈಸೂರುಪಾಕು ತಂದೆ. ಇವರು ಮುಖಪುಟವನ್ನು ತಿರುಗಿಸಿ ಮುರುಗಿಸಿ ನೋಡಿ, “ನನ್ನ ಹೆಸರು ಬರಲಿಲ್ಲಲಾ” ಎಂದರು. ಇವತ್ತು ನನಗೂ ನಗು ಬಂತು.

ಸೆಪ್ಟೆಂಬರ್ ೫

ಸಿರುಗುಪ್ಪದಲ್ಲಿ ಬಿಡುಗಡೆ. ಕಲ್ಯಾಣಮಂಟಪ ತುಂಬಿತ್ತು. ಹೂಮಾಲೆ, ಶಾಲು, ಹಣ್ಣಿನ ಬುಟ್ಟಿ, ಬಿನ್ನವತ್ತಳೆ (ಅದೂ ನಾನೇ ಬರೆದದ್ದು). ನನ್ನನ್ನೂ ವೇದಿಕೆಗೆ ಕರೆದರು. ‘ನಾಡಿನ ಹೆಸರಾಂತ ಲೇಖಕಿ’ ಎಂದು ಮೈಕಿನಲ್ಲಿ ಹೇಳಿದರು. ನಾಲ್ಕು ಜನ ಫೋನ್ ನಂಬರ್ ತೆಗೆದುಕೊಂಡರು. ಕಾರ್ಡುಗಳೆಲ್ಲ ಖರ್ಚಾದವು.

ಮೇಷ್ಟ್ರು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದರು. ನನ್ನ ದನಿ ಕೇಳಿ ಕೈ ಹಿಡಿದು ಹತ್ತಿರ ಎಳೆದುಕೊಂಡರು.

“ಮಾರೆಮ್ಮನ ಹೆಸರು ಹಾಕೀರಲ್ಲ ತಾಯಿ?”

“ಹೂಂ ಸರ್” ಎಂದೆ.

ಆ ಗದ್ದಲದಲ್ಲಿ ಇನ್ನೇನು ಹೇಳಲಿ. ಅವರು ಓದಿ ನೋಡುವ ಹಾಗೂ ಇಲ್ಲ. ವಿವರಿಸುತ್ತಾ ಕುಳಿತರೆ ಅವರ ದಿನ ಹಾಳಾಗುತ್ತಿತ್ತು.

ಊಟ ಚೆನ್ನಾಗಿತ್ತು. ನನಗೆ ಯಾಕೋ ಸೇರಲಿಲ್ಲ.

ಸೆಪ್ಟೆಂಬರ್ ೯

ಕರೂರಿನಿಂದ ರೇಣುಕಾ ಫೋನ್ ಮಾಡಿದ್ದಳು. ಮೇಷ್ಟ್ರು ಮಾರೆಮ್ಮನಿಗೆ ಫೋನಿನಲ್ಲಿ ಹೇಳಿದ್ದಾರಂತೆ, ಪುಸ್ತಕದಲ್ಲಿ ನಿನ್ನ ಹೆಸರು ಬಂದಿದೆ ಎಂದು. “ಅತ್ತಿ ಓಣಿ ತುಂಬ ಹೇಳಿಕೋತ ಅಡ್ಡಾಡ್ಯಾರ್ರಿ ಮೇಡಂ. ಒಂದು ಪುಸ್ತಕ ಸಿಗತೈತೇನ್ರಿ?”

ಪೋಸ್ಟಿನಲ್ಲಿ ಕಳಿಸುತ್ತೇನೆ ಎಂದೆ. ಆಮೇಲೆ ಬೇಡವೆನಿಸಿತು. ಈ ವಿಜಯಕುಮಾರನಿಂದಲೇ ಇದೆಲ್ಲ. ಅವನು ತಾನೇ ಹೋಗಿ ಹೇಳಬೇಕಿತ್ತು. ಹೇಳುತ್ತಾನೆಯೇ? ಅವನಿಗೇನು ಹೋಗಬೇಕು?

ಹೋಗಿ ಕೊಟ್ಟು ಬರುತ್ತೇನೆ. ನೂರ ಎಂಬತ್ತು ಪುಟದಲ್ಲಿ ಯಾರು ಹುಡುಕುತ್ತಾರೆ.

ಸೆಪ್ಟೆಂಬರ್ ೧೧

ಕರೂರಿಗೆ ಹೋಗಿದ್ದೆ. ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು, ಇಲ್ಲದಿದ್ದರೆ ನಾಳೆ ಇದಕ್ಕೂ ಒಂದು ಒಳ್ಳೆಯ ವಾಕ್ಯ ಹುಡುಕಿಕೊಳ್ಳುತ್ತೇನೆ.

ಮಾರೆಮ್ಮ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕುಳಿತಿದ್ದಳು. ಓಣಿಯ ಏಳೆಂಟು ಹೆಂಗಸರು ಬಂದಿದ್ದರು, ಎಲ್ಲ ಆಕೆಯ ವಾರಿಗೆಯವರು, ಓದು ಬಾರದವರು. ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ಪುಸ್ತಕವನ್ನು ಕೈಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಆಮೇಲೆ ತೆಗೆದುಕೊಂಡಳು.

“ರೇಣುಕಾ, ನಂದು ಬಂದಿದ್ದು ಓದು. ನನ್ನ ಹೆಸರು ಬಂದಾಗ ನಿಲ್ಲಿಸು. ನಾನು ಮುಟ್ಟಿ ನೋಡ್ತೀನಿ.”

ಅರವತ್ಮೂರನೆಯ ಪುಟ ಎಂದು ನಾನೇ ಹೇಳಬೇಕಾಯಿತು. ರೇಣುಕಾ ಓದುತ್ತಾ ಹೋದಳು. ಆ ಸಾಲಿಗೆ ಬಂದಳು. ನಿಲ್ಲಿಸಿದಳು. ಮೇಲಿನ ಸಾಲಿಗೆ ಹೋದಳು, ಮತ್ತೆ ಕೆಳಗೆ ಬಂದಳು. ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕೈಯಲ್ಲಿದ್ದ ಮಿರ್ಚಿಯನ್ನು ನೋಡುತ್ತಾ ಕುಳಿತೆ.

“ಬಂತೇನು?” ಎಂದಳು ಮಾರೆಮ್ಮ.

ರೇಣುಕಾ ಅತ್ತೆಯ ತೋರುಬೆರಳನ್ನು ಹಿಡಿದು ಆ ಪುಟದ ಮೇಲೆ ಇಟ್ಟಳು. ‘ಸಹಾಯಕಿಯೊಬ್ಬರ’ ಎಂಬ ಪದದ ಮೇಲೆ. “ಇಲ್ಲೈತಿ ಅತ್ತಿ” ಎಂದಳು.

ಮಾರೆಮ್ಮ ಬೆರಳನ್ನು ಆ ಪದದ ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಎಳೆದಳು. ಹೆಂಗಸರೆಲ್ಲ ಬಗ್ಗಿ ನೋಡಿದರು.

“ಎಷ್ಟುದ್ದ ಐತಲ್ಲೇ ನನ್ನ ಹೆಸರು!” ಎಂದಳು.

ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಅದೇ ಕೈ. ಹತ್ತು ನಿಮಿಷದಲ್ಲಿ ತಿದ್ದಿದ ಕೈ.

ಬಸ್ಸಿನವರೆಗೆ ರೇಣುಕಾ ಬಂದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. “ಆಕಿಗೆ ಓದಾಕ ಬರಂಗಿಲ್ಲ ಅಂತ ಹಂಗ ಮಾಡಿದ್ರೇನು ಮೇಡಂ?” ಎಂದು ಕೇಳಿದಳು ಅಷ್ಟೇ.

ಹೌದು. ಅದಕ್ಕೇ. ಹೌದು ಎಂದು ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಓದು ಬಾರದವಳು, ಗಂಟೆ ಹೊಡೆಯುವವಳು, ದೂರದ ಕರೂರಿನಲ್ಲಿರುವವಳು, ಬಂದು ಕೇಳುವವಳಲ್ಲ ಎಂದುಕೊಂಡೆ. ಗಾಂಧಿನಗರದ ವರದಾಗೆ ಹೆಸರು ಬೇಕು, ಮಾರೆಮ್ಮನಿಗೆ ಯಾಕೆ ಬೇಕು ಎಂದುಕೊಂಡೆ. ಆ ಉಪಸಂಪಾದಕನ ಮಾತನ್ನೇ ಹೇಳಿಕೊಂಡೆ. ಅವನಾದರೂ ಫೋನಿನಲ್ಲಿ ನನಗೆ ಜಾಗ ಇರಲಿಲ್ಲ ಎಂದು ನೇರವಾಗಿ ಹೇಳಿದ. ನನಗೆ ಅಷ್ಟೂ ಧೈರ್ಯವಿರಲಿಲ್ಲ.

ಮಾರೆಮ್ಮ. ಅದೂ ಮೂರೇ ಅಕ್ಷರ.

ಸೆಪ್ಟೆಂಬರ್ ೧೨

ಬೆಳಿಗ್ಗೆ ಕುರುಗೋಡಿಗೆ ಫೋನ್ ಮಾಡಿ ಮೇಷ್ಟ್ರಿಗೆ ಹೇಳಿದೆ, ಸುಳ್ಳು ಹೇಳಿದ್ದೆ ಎಂದು. ಅವರು ಇನ್ನೊಂದು ಸಲ ಹೇಳಿಸಿ ಕೇಳಿದರು. ಆಮೇಲೆ, “ಹಂಗಾದ್ರ ಆಕಿಗೆ ಸುಳ್ಳು ಹೇಳ್ದಂವ ನಾನಾದೆ” ಎಂದು ಫೋನ್ ಇಟ್ಟರು.

ಸೆಪ್ಟೆಂಬರ್ ೧೩

ಉಳಿದ ಪುಸ್ತಕಗಳೆಲ್ಲ ಸಿರುಗುಪ್ಪದ ಗಿರಣಿಯ ಆಫೀಸಿನಲ್ಲಿವೆ. ಬೆಳಿಗ್ಗೆ ಹತ್ತಕ್ಕೆ ಹೋಗಿ, ಕಟ್ಟು ಬಿಚ್ಚಿ, ನೆಲದ ಮೇಲೆ ಕುಳಿತು ಶುರುಮಾಡಿದೆ. ಅರವತ್ಮೂರನೆಯ ಪುಟ ತೆಗೆಯುವುದು, ‘ಸಹಾಯಕಿಯೊಬ್ಬರ’ ಎಂಬುದನ್ನು ಹೊಡೆದುಹಾಕಿ ಮೇಲೆ ‘ಮಾರೆಮ್ಮನವರ’ ಎಂದು ಬರೆಯುವುದು. ಪುಟದ ಅಂಚಿನಲ್ಲಿ, ಮಕ್ಕಳ ಪಾಲಿನ ನಾಟಿಯನ್ನು ಅವರು ನಸುಕಿನಲ್ಲಿ ಮುಗಿಸುತ್ತಿದ್ದರು ಎಂದು ಎರಡು ಸಾಲು. ಕೆಳಗೆ ನನ್ನ ಸಹಿ ಹಾಕಲಿಲ್ಲ.

ಹನ್ನೊಂದಕ್ಕೆ ವಿಜಯಕುಮಾರ ಬಂದ. “ಏನ್ರಿ ಇದು! ಛಲೋ ಬುಕ್ಕೆಲ್ಲ ಗೀಚಿ ಕೆಡಸಾಕ ಹತ್ತೀರಲ್ಲ?”

“ಕೆಡಿಸಿದ್ದು ಆಗಲೇ ಆಗಿದೆ. ಈಗ ಸರಿ ಮಾಡ್ತಿದ್ದೀನಿ” ಎಂದೆ.

“ನಿಮ್ಮ ಹೆಸರು ಹಾಕೀನಿ, ಸ್ಟೇಜ್ ಹತ್ತಿಸೀನಿ, ಇನ್ನೇನು ಬೇಕು ನಿಮಗ?”

ನನಗೆ ಬಂದ ಸಿಟ್ಟಿಗೆ ಪೆನ್ನು ಹಾಳೆಯಲ್ಲಿ ತೂತು ಮಾಡಿತು. “ನೀವು ಕೇಳಿದ್ರಿ, ನಾನು ಮಾರಿದೆ. ಇಬ್ಬರೂ ಕಳ್ಳರೇ. ಏಳನೇತ್ತ ತನಕ ನಿಮಗೆ ಗಂಟೆ ಹೊಡೆದವರು ಯಾರು? ನೀರು ಕೊಟ್ಟವರು ಯಾರು? ನೆನಪಿದ್ದರೆ ಕುಂದ್ರಿ, ನೀವೂ ಬರೀರಿ. ಇಲ್ಲದಿದ್ದರೆ ಲೈಟ್ ಹಾಕಿ ಹೋಗ್ರಿ.”

ಅವನು ಕೂರಲಿಲ್ಲ. ಬಾಯಿಗೆ ಬಂದದ್ದು ಅಂದು ಹೋದ. ಆದರೆ ಹೋಗುವಾಗ ಲೈಟ್ ಹಾಕಿದ.

ಸಂಜೆಯವರೆಗೆ ಇನ್ನೂರ ತೊಂಬತ್ತು ಪ್ರತಿ ಮುಗಿದವು. ಬೆರಳು ಬಾತಿದೆ. ಅವತ್ತು ಹಂಚಿದವುಗಳನ್ನು ಮನೆಮನೆಗೆ ಹೋಗಿ ಹುಡುಕಬೇಕು. ಉಜ್ಜಿನಪ್ಪ ಆಮಂತ್ರಿತರ ಪಟ್ಟಿ ಕೊಡುತ್ತೇನೆ ಎಂದಿದ್ದಾನೆ. ಮೇಷ್ಟ್ರ ಪ್ರತಿಗೆ ಕುರುಗೋಡಿಗೆ ಹೋಗಬೇಕು, ಬಾಗಿಲು ತೆಗೆದರೆ.

ಇವೆಲ್ಲ ಆಗುವ ಕೆಲಸ. ಆಗದಿರುವುದು ಒಂದಿದೆ. ರೇಣುಕಾ ಮಧ್ಯಾಹ್ನ ಮೆಸೇಜ್ ಹಾಕಿದ್ದಾಳೆ. ಮಾರೆಮ್ಮ ದಿನಕ್ಕೆ ನಾಲ್ಕು ಸಲ ಪುಸ್ತಕ ತೆಗೆಸಿ ಆ ಪದವನ್ನು ಮುಟ್ಟುತ್ತಾಳಂತೆ. ಬಂದವರ ಬೆರಳು ಹಿಡಿದು ಮುಟ್ಟಿಸುತ್ತಾಳಂತೆ.

ಆ ಪ್ರತಿಯನ್ನು ಕದ್ದು ತಿದ್ದಿ ಇಟ್ಟು ಬಂದರೂ ಆಕೆಗೆ ತಿಳಿಯುವುದಿಲ್ಲ. ಅದೇ ನನಗೆ ಹೇಸಿಗೆ ಹುಟ್ಟಿಸುತ್ತಿದೆ. ಆಕೆಯ ಎದುರು ಕುಳಿತು, ಆ ಬೆರಳನ್ನು ಹಿಡಿದು ಎತ್ತಿ, ಅಮ್ಮಾ, ಇದು ನಿಮ್ಮ ಹೆಸರಲ್ಲ ಎಂದು ನನ್ನ ಬಾಯಿಂದಲೇ ಹೇಳಬೇಕು. ಆಮೇಲೆ ಆಕೆ ಪೆನ್ನು ಮುಟ್ಟಲು ಬಿಟ್ಟರೆ ಬರೆಯಬೇಕು.

ಕರೂರಿಗೆ ಹೋಗಲು ನಾಳೆ ಬೆಳಿಗ್ಗೆ ಆರೂವರೆಗೆ ಬಸ್ಸಿದೆ.